ಹೆಸರು ಮುಂಬಯಿಯಲ್ಲಿ, ಗದ್ದೆ ಊರಿನಲ್ಲಿ

ಕೇಳುಗರಿಗೆ ನಮಸ್ಕಾರ. ಮುಂಬಯಿ ಕನ್ನಡಿಗರಲ್ಲಿ ಅನೇಕರಿಗೆ ಉಡುಪಿಯಲ್ಲೋ ದಕ್ಷಿಣ ಕನ್ನಡದಲ್ಲೋ ತುಂಡು ಗದ್ದೆ, ಸಣ್ಣದೊಂದು ಅಡಿಕೆ ತೋಟ ಉಂಟು. ಸರಿಯಾಗಿ ಹೇಳುವುದಾದರೆ ಆರ್‌ಟಿಸಿಯಲ್ಲಿ, ಅಂದರೆ ಜಮೀನಿನ ಪಹಣಿಯಲ್ಲಿ, ಒಂದು ಹೆಸರು ಉಂಟು. ಕರಾವಳಿಯ ಸಣ್ಣ ಹಿಡುವಳಿದಾರರಿಗೆ ಸರಕಾರ ಏನೂ ಮಾಡುತ್ತಿಲ್ಲ ಎಂಬ ಮಾತು ನಮ್ಮ ಸಂಘಗಳ ಸಭೆಗಳಲ್ಲಿ ಆಗಾಗ ಬರುತ್ತದೆ. ನಾನು ಇದನ್ನು ಒಪ್ಪುವುದಿಲ್ಲ. ನೆರವು ಇದೆ, ಆದರೆ ಅದು ಆರ್‌ಟಿಸಿಯ ಹೆಸರಿನ ಹಿಂದೆ ಹೋಗುತ್ತದೆ, ಆ ಹೆಸರು ಬೊರಿವಲಿಯಲ್ಲಿದ್ದರೂ ಸರಿ, ಸ್ಮಶಾನ ಸೇರಿದ್ದರೂ ಸರಿ.

2019ರಲ್ಲಿ ಆರಂಭವಾದ ಪಿಎಂ ಕಿಸಾನ್ ಯೋಜನೆಯಲ್ಲಿ ವರ್ಷಕ್ಕೆ 6,000 ರೂಪಾಯಿ ಮೂರು ಕಂತುಗಳಲ್ಲಿ ಖಾತೆಗೆ ಬರುತ್ತದೆ. ಅಜ್ಜ ತೀರಿಕೊಂಡು ದಶಕಗಳಾದರೂ ಪೌತಿ ಖಾತೆ, ಅಂದರೆ ತೀರಿಕೊಂಡವರ ಜಮೀನಿನ ಖಾತೆಯನ್ನು ವಾರಸುದಾರರ ಹೆಸರಿಗೆ ಬದಲಾವಣೆ, ಮಾಡಿಸದ ಮನೆಯಲ್ಲಿ, ತೋಟ ನೋಡಿಕೊಳ್ಳುವ ಮೊಮ್ಮಗನಿಗೆ ಆ ಹಣಕ್ಕೆ ಬೇಕಾದ ದಾಖಲೆಯೇ ಇರುವುದಿಲ್ಲ. ಸಹಕಾರಿ ಸಂಘಗಳ ಶೂನ್ಯ ಬಡ್ಡಿ ಬೆಳೆಸಾಲದ ಮಿತಿಯನ್ನು ಕರ್ನಾಟಕ 2023ರ ಬಜೆಟ್ಟಿನಲ್ಲಿ 3 ಲಕ್ಷದಿಂದ 5 ಲಕ್ಷಕ್ಕೆ ಏರಿಸಿತು. ಜಂಟಿ ಆರ್‌ಟಿಸಿಯಾದರೆ ಅಲ್ಲಿಯೂ ಸಾಮಾನ್ಯವಾಗಿ ಪಾಲುದಾರರ ಒಪ್ಪಿಗೆ ಕೇಳುತ್ತಾರೆ.

ಹವಾಮಾನ ಆಧಾರಿತ ಬೆಳೆವಿಮೆಯನ್ನು ನಾನು ಮೆಚ್ಚುತ್ತೇನೆ. ಅಡಿಕೆಗೆ ಹೆಕ್ಟೇರಿಗೆ 1,28,000 ರೂಪಾಯಿ ವಿಮಾ ಮೊತ್ತ ಎಂದಾದರೆ ರೈತನ ಪಾಲು ಶೇ. 5, ಅಂದರೆ 6,400 ರೂಪಾಯಿ. ಉಳಿದ ಕಂತನ್ನು ಕೇಂದ್ರ ಮತ್ತು ರಾಜ್ಯ ಸರಕಾರಗಳು ಭರಿಸುತ್ತವೆ. ಮಳೆ ಹೆಚ್ಚಾದಾಗ ಬರುವ ಕೊಳೆರೋಗಕ್ಕೆ ಎಷ್ಟು ಅಡಿಕೆ ಉದುರಿತು ಎಂದು ಲೆಕ್ಕ ಹಾಕಲು ಯಾರೂ ತೋಟಕ್ಕೆ ಬರಬೇಕಾಗಿಲ್ಲ, ಮಳೆಮಾಪಕದ ಅಂಕಿಯ ಮೇಲೆ ಪರಿಹಾರ ನಿರ್ಧಾರವಾಗುತ್ತದೆ. ಗುಡ್ಡದ ಈಚೆ ಸುರಿದ ಮಳೆ ಆಚೆಯ ಮಾಪಕಕ್ಕೆ ತಿಳಿಯದು ಎಂಬ ದೂರು ನ್ಯಾಯವಾದದ್ದೇ. ಆದರೂ ವಿಮೆ ಮಾಡಿಸಬೇಕಾದರೆ ಮತ್ತೆ ಆರ್‌ಟಿಸಿ ಬೇಕು.

ಹಾಗಾದರೆ ಬಾಯಿಮಾತಿನ ಮೇಲೆ ಇನ್ನೊಬ್ಬರ ಗದ್ದೆಯನ್ನು ಸಾಗುವಳಿ ಮಾಡುವವರ ಗತಿಯೇನು? 1974ರ ಭೂಸುಧಾರಣೆ ಗೇಣಿ ಪದ್ಧತಿಯನ್ನು ಕೊನೆಗಾಣಿಸಿ ಗೇಣಿದಾರರನ್ನು ಒಡೆಯರನ್ನಾಗಿಸಿತು. ಅದು ಆಗಬೇಕಾಗಿದ್ದ ನ್ಯಾಯ. ನಮ್ಮಲ್ಲಿ ಎಷ್ಟೋ ಕುಟುಂಬಗಳು ಭೂಮಿ ಕಂಡದ್ದೇ ಅದರಿಂದ. ಆದರೆ ಬರಹದಲ್ಲಿ ಕೊಟ್ಟರೆ ಭೂಮಿ ಕೈತಪ್ಪೀತು ಎಂಬ ಭಯ ಇಂದಿಗೂ ಹೋಗಿಲ್ಲ. ಹೀಗಾಗಿ ಗದ್ದೆ ಬೇಸಾಯವಿಲ್ಲದೆ ಹಡಿಲು ಬೀಳುತ್ತದೆ, ಇಲ್ಲವೇ ಉಳುವವನು ಯಾವ ಯೋಜನೆಯ ಕಣ್ಣಿಗೂ ಬೀಳದೆ ಉಳುತ್ತಾನೆ.

ಆಂಧ್ರಪ್ರದೇಶ 2019ರಲ್ಲಿ ಇದಕ್ಕೊಂದು ಕಾಯಿದೆ ಮಾಡಿತು: 11 ತಿಂಗಳ ಒಪ್ಪಂದ, ಸಾಗುವಳಿದಾರನಿಗೆ ಬೆಳೆಯ ಮೇಲೆ ಮಾತ್ರ ಹಕ್ಕು, ಒಡೆತನಕ್ಕೆ ಧಕ್ಕೆಯಿಲ್ಲ. ಕರ್ನಾಟಕವೂ ಇಂಥದೊಂದನ್ನು ತರಬೇಕು. ಆದರೆ ಅಲ್ಲಿಯೂ ಮಾಲೀಕರು ಸಹಿ ಹಾಕಲು ಹಿಂಜರಿದದ್ದರಿಂದ ಎಷ್ಟೋ ಸಾಗುವಳಿದಾರರು ಹೊರಗುಳಿದರು. ಕಾಯಿದೆಯೊಂದೇ ಸಾಲದು, ಸಹಿ ಹಾಕಲು ಆರ್‌ಟಿಸಿಯಲ್ಲಿ ಬದುಕಿರುವವರ ಹೆಸರು ಬೇಕು. ಆದ್ದರಿಂದ ಮುಂದಿನ ಮೇ ರಜೆಯಲ್ಲಿ ಊರಿಗೆ ಹೋದಾಗ ನಾಡಕಚೇರಿಗೆ ಒಂದು ದಿನ ಮೀಸಲಿಟ್ಟು, ಪೌತಿ ಖಾತೆಗೆ ಅರ್ಜಿ ಕೊಟ್ಟು, ಪಾಲುಪಟ್ಟಿಯ, ಅಂದರೆ ಆಸ್ತಿ ಹಂಚಿಕೆಯ, ಮಾತನ್ನೂ ಮುಗಿಸಿಕೊಂಡು ಬನ್ನಿ.