ದಂಡೆಯ ಮೇಲೆ ನಾಯಿ ಬಿಡುವ ಮುನ್ನ

ಕೇಳುಗರೆಲ್ಲರಿಗೂ ನಮಸ್ಕಾರ.

ಕಾರವಾರದ ರವೀಂದ್ರನಾಥ ಟ್ಯಾಗೋರ್ ಕಡಲತೀರಕ್ಕೆ ಸಂಜೆ ಐದರ ಮೇಲೆ ಹೋದರೆ ಅರ್ಧ ಊರೇ ಅಲ್ಲಿ ಸಿಗುತ್ತದೆ. ಮಂಡಿನೋವಿಗೆ ನಡೆಯಿರಿ ಎಂದು ಡಾಕ್ಟರು ಹೇಳಿ ಕಳಿಸಿದ ಹಿರಿಯರು, ಚೆಂಡು ಹಿಡಿದು ಬಂದ ಹುಡುಗರು, ಘಟ್ಟದ ಮೇಲಿನಿಂದ ಮೊದಲ ಸಲ ಸಮುದ್ರ ನೋಡಲು ಬಂದ ಸಂಸಾರಗಳು. ಇವರ ನಡುವೆ ಈಗೀಗ ಸಾಕುನಾಯಿಗಳೂ ಹೆಚ್ಚಾಗಿವೆ. ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್, ಪಮೇರಿಯನ್, ಬೀದಿಯಿಂದ ಎತ್ತಿ ತಂದು ಅಕ್ಕರೆಯಿಂದ ಬೆಳೆಸಿದ ನಮ್ಮ ನಾಡನಾಯಿ. ಕೆಲವಕ್ಕೆ ಕೊರಳಲ್ಲಿ ಬೆಲ್ಟಿದೆ, ಬೆಲ್ಟಿಗೆ ಹಗ್ಗವೂ ಇದೆ. ಕೆಲವಕ್ಕೆ ಬೆಲ್ಟಿದೆ, ಹಗ್ಗ ಮಾತ್ರ ಯಜಮಾನರ ಹೆಗಲ ಮೇಲಿದೆ. ನಾನಿವತ್ತು ಮಾತಾಡಬೇಕೆಂದಿರುವುದು ಆ ಹೆಗಲ ಮೇಲಿನ ಹಗ್ಗದ ಬಗ್ಗೆ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ನಾಲ್ಕು ಜನ ಓಡಾಡುವ ಜಾಗದಲ್ಲಿ ನಾಯಿಯನ್ನು ಬಿಟ್ಟುಕೊಂಡು ತಿರುಗಬಾರದು, ಎಷ್ಟೇ ಸಾಧುವಾದ ನಾಯಿಯಾದರೂ. ಹಾಗೆಂದು ಅದನ್ನು ಇಡೀ ದಿನ ಕಟ್ಟಿಹಾಕಿ ಇಡಿ ಎಂದೂ ನಾನು ಹೇಳುವುದಿಲ್ಲ. ನಾಯಿ ಓಡಲೇಬೇಕು. ಅದಕ್ಕೆ ಬೇರೆ ಜಾಗ ಮಾಡಿಕೊಡಬೇಕು. ಈ ಎರಡು ಮಾತನ್ನೂ ನಾನು ಒಂದೇ ಉಸಿರಿನಲ್ಲಿ ಹೇಳುತ್ತೇನೆ. ಒಂದನ್ನು ಬಿಟ್ಟು ಇನ್ನೊಂದನ್ನು ಹೇಳಿದರೆ ನಾಯಿಗೋ ಮನುಷ್ಯರಿಗೋ ಅನ್ಯಾಯವಾಗುತ್ತದೆ.

ಒಂದು ಬೇಸಿಗೆಯ ಸಂಜೆ ಅದೇ ದಂಡೆಯ ಮೇಲೆ ನಡೆದದ್ದು. ಒಬ್ಬ ಅಜ್ಜಿ, ಜೊತೆಗೆ ನಾಲ್ಕೈದು ವರ್ಷದ ಮೊಮ್ಮಗ. ಹುಡುಗನ ಕೈಯಲ್ಲಿ ಚುರುಮುರಿ ಪೊಟ್ಟಣ. ನೀರಿನ ಕಡೆಯಿಂದ ಒದ್ದೆ ಮೈಯ ದೊಡ್ಡ ನಾಯಿಯೊಂದು ಇವರತ್ತಲೇ ಓಡಿಬಂತು. ಹುಡುಗ ಕಿರುಚಿ ಓಡಿದ. ಅವನು ಓಡಿದ್ದಕ್ಕೆ ನಾಯಿಯೂ ಬೆನ್ನುಹತ್ತಿತು. ಅಜ್ಜಿಗೆ ಮರಳಲ್ಲಿ ಕಾಲು ಕೀಳಲಾಗುತ್ತಿಲ್ಲ. ನಾಯಿಯ ಯಜಮಾನ ತುಂಬ ದೂರದಲ್ಲಿ ಮೊಬೈಲ್ ಹಿಡಿದುಕೊಂಡು ನಿಂತಿದ್ದ. ಅಲ್ಲಿಂದಲೇ ಕೂಗಿದ: "ಹೆದರಬೇಡಿ, ನಮ್ಮದು ಏನೂ ಮಾಡೂದಿಲ್ಲ!" ನಿಜಕ್ಕೂ ಅದು ಏನೂ ಮಾಡಲಿಲ್ಲ. ಮುಂಗಾಲು ಎತ್ತಿ ಹುಡುಗನ ಎದೆಗೆ ಇಟ್ಟಿತು, ಹುಡುಗ ಹಿಂದಕ್ಕೆ ಬಿದ್ದ, ಅದು ಮುಖ ನೆಕ್ಕಿತು, ಚೆಲ್ಲಿದ ಚುರುಮುರಿ ತಿಂದು ಹೋಯಿತು. ಅಜ್ಜಿ ಬಂದು ಮೊಮ್ಮಗನನ್ನು ಎಬ್ಬಿಸಿ, ಸೆರಗಿನಿಂದ ಅವನ ಕಣ್ಣುರೆಪ್ಪೆಯ ಮರಳು ಒರೆಸುತ್ತ, ಹತ್ತಿರ ಬಂದ ಯಜಮಾನನಿಗೆ ಮೆಲ್ಲಗೇ ಹೇಳಿದರು: "ನಿಮ್ಮ ನಾಯಿ ಒಳ್ಳೇದೇ ಇರಬಹುದು ತಮ್ಮಾ. ನಮಗೆ ಹೆಂಗೆ ಗೊತ್ತಾಗಬೇಕು?"

ಈ ಪ್ರಶ್ನೆಗೆ ನನ್ನ ಬಳಿ ಉತ್ತರವಿಲ್ಲ. ಯಾವ ನಾಯಿ ಸಾಕುವವರ ಬಳಿಯೂ ಇರಲಾರದು. ನಾಯಿಯ ಸ್ವಭಾವ ಗೊತ್ತಿರುವುದು ಅದಕ್ಕೆ ಅನ್ನ ಹಾಕುವವರಿಗೆ. ಎದುರಿನಿಂದ ಬರುವವರಿಗೆ ಕಾಣುವುದು ಹಲ್ಲು, ಮೈ, ವೇಗ, ಇಷ್ಟೇ. ಅವರಲ್ಲಿ ಚಿಕ್ಕಂದಿನಲ್ಲಿ ಕಚ್ಚಿಸಿಕೊಂಡವರಿರಬಹುದು, ಬಸುರಿಯಿರಬಹುದು, ಕಣ್ಣು ಮಂಜಾದ ಮುದುಕರಿರಬಹುದು. ನಾಯಿ ಮುಟ್ಟಿದರೆ ಸ್ನಾನ ಮಾಡದೆ ದೇವರ ಕೋಣೆಗೆ ಹೋಗದವರೂ ಇರಬಹುದು. ನಾಯಿಯನ್ನು ಹತ್ತಿರ ಬಿಟ್ಟುಕೊಳ್ಳಬೇಕೋ ಬೇಡವೋ ಎಂಬುದನ್ನು ಅವರು ತೀರ್ಮಾನಿಸಬೇಕು. ಹಗ್ಗ ಹಿಡಿದರೆ ಆ ತೀರ್ಮಾನ ಅವರ ಕೈಯಲ್ಲಿ ಉಳಿಯುತ್ತದೆ.

ಬೊಗಳುವ ನಾಯಿ ಕಚ್ಚುವುದಿಲ್ಲ ಎಂಬ ಗಾದೆಯನ್ನು ನಂಬಿ ಕೈ ಚಾಚಬೇಡಿ. ಹೆದರಿದ ನಾಯಿ ಬೊಗಳುತ್ತಲೇ ಕಚ್ಚುತ್ತದೆ. ಬಾಲ ಆಡಿಸುವ ನಾಯಿಯೆಲ್ಲ ಸ್ನೇಹದಲ್ಲಿದೆ ಎಂಬುದೂ ತಪ್ಪು. ಬಾಲವನ್ನು ಮೇಲೆತ್ತಿ, ಬಿಗಿಯಾಗಿ, ಚಿಕ್ಕದಾಗಿ ಅಲ್ಲಾಡಿಸುತ್ತ ಮೈ ಸೆಟೆದು ನಿಂತಿದ್ದರೆ ಅದು ಉದ್ರೇಕ. ಓಡುವುದನ್ನು ಕಂಡರೆ ಅಟ್ಟಿಸಿಕೊಂಡು ಹೋಗುವುದು ನಾಯಿಯ ರಕ್ತದಲ್ಲೇ ಇದೆ. ಅದಕ್ಕೆ ಸೈಕಲ್ ಮೇಲಿನ ಹುಡುಗಿ, ಸ್ಕೂಟರಿನ ಚಕ್ರ, ಜಾಗಿಂಗ್ ಮಾಡುವವರ ಕಾಲು ಎಲ್ಲ ಒಂದೇ. ಕಚ್ಚದಿದ್ದರೂ ಸ್ಕೂಟರಿಗೆ ಅಡ್ಡ ಬಂದರೆ ಸಾಕು, ಒಂದು ಮನೆಯ ದುಡಿಯುವ ಕೈ ತಿಂಗಳುಗಟ್ಟಲೆ ಪ್ಲಾಸ್ಟರಿನಲ್ಲಿರುತ್ತದೆ.

ಹಗ್ಗ ಹಿಡಿದು ನಾಯಿ ತರುವವರ ಕಷ್ಟವನ್ನೂ ಹೇಳಬೇಕು. ಬಿಟ್ಟ ನಾಯಿ ಇವರ ನಾಯಿಯ ಮೇಲೆ ಬಂದಾಗ ಇವರದಕ್ಕೆ ಓಡಲಾಗುವುದಿಲ್ಲ. ಓಡಲಾಗದ ನಾಯಿಗೆ ಉಳಿಯುವುದು ಹಲ್ಲು ಮಾತ್ರ. ದಂಡೆಯಲ್ಲಿ ಬೀದಿನಾಯಿಗಳೂ ಜಾಗ ಹಂಚಿಕೊಂಡಿರುತ್ತವೆ, ದೋಣಿ ಎಳೆದಿಟ್ಟ ಕಡೆ ಒಂದು ಗುಂಪು, ತಿಂಡಿ ಗಾಡಿಗಳ ಹತ್ತಿರ ಇನ್ನೊಂದು. ಅವುಗಳ ಗಡಿಯೊಳಗೆ ನುಗ್ಗಿದ ಸಾಕುನಾಯಿ ಸುಮ್ಮನೆ ವಾಪಸ್ ಬರುವುದಿಲ್ಲ. ಜಗಳ ಬಿಡಿಸಲು ಕೈ ಹಾಕಿದ ಯಜಮಾನರಿಗೇ ಹಲ್ಲು ತಾಗಿ ಆಸ್ಪತ್ರೆ ಸೇರುವುದೂ ಇದೆ.

ಇನ್ನು ನಮ್ಮ ದಂಡೆಗೇ ಸೇರಿದ ಒಂದು ವಿಷಯ. ಇದರ ಬಗ್ಗೆ ಸ್ವಲ್ಪ ಹೆಚ್ಚು ಹೊತ್ತು ಮಾತಾಡುತ್ತೇನೆ, ಯಾಕೆಂದರೆ ನಾಯಿ ಬಿಡುವ ಅನೇಕರಿಗೆ ಇದು ಗೊತ್ತೇ ಇರುವುದಿಲ್ಲ. ದೇವಬಾಗ, ಮಾಜಾಳಿಯಿಂದ ಹೊನ್ನಾವರದ ಕಾಸರಕೋಡಿನವರೆಗೆ ನಮ್ಮ ಮರಳಿನ ಮೇಲೆ ಆಲಿವ್ ರಿಡ್ಲಿ ಕಡಲಾಮೆಗಳು ಮೊಟ್ಟೆ ಇಡಲು ಬರುತ್ತವೆ. ಚಳಿಗಾಲದಲ್ಲಿ ಶುರುವಾಗಿ ಬೇಸಿಗೆಯ ಮೊದಲವರೆಗೂ ಇದು ನಡೆಯುತ್ತದೆ. ರಾತ್ರಿ ಹೊತ್ತು ಹೆಣ್ಣಾಮೆ ನೀರಿನಿಂದ ಎದ್ದು, ಅಲೆ ತಾಗದಷ್ಟು ಮೇಲೆ ಬಂದು, ಹಿಂಗಾಲಿನಿಂದ ಒಂದೂವರೆ ಅಡಿಯಷ್ಟು ಗುಂಡಿ ತೋಡಿ ಸುಮಾರು 100 ಮೊಟ್ಟೆ ಇಡುತ್ತದೆ. ಮೊಟ್ಟೆ ನೋಡಲು ಪಿಂಗ್‌ಪಾಂಗ್ ಚೆಂಡಿನ ಹಾಗೆ ಬಿಳಿ, ದುಂಡು. ಮುಟ್ಟಿದರೆ ಮಾತ್ರ ಮೆತ್ತಗೆ. ಮರಳು ಮುಚ್ಚಿ, ಹೊಟ್ಟೆಯಿಂದ ತಟ್ಟಿ, ತಾಯಿ ಸಮುದ್ರಕ್ಕೆ ಹಿಂತಿರುಗುತ್ತದೆ. ಮತ್ತೆ ಗೂಡಿನತ್ತ ಬರುವುದಿಲ್ಲ. 45ರಿಂದ 60 ದಿನ ಆ ಮೊಟ್ಟೆಗಳಿಗೆ ಬಿಸಿಲಿನ ಕಾವೇ ತಾಯಿ.

ನಮ್ಮ ಕಣ್ಣಿಗೆ ಅದು ಬರೀ ಮರಳು. ನಾಯಿಯ ಮೂಗಿಗೆ ಹಾಗಲ್ಲ. ಒಂದು ನಾಯಿ ಐದು ನಿಮಿಷ ಕೆರೆದರೆ ಗೂಡು ಮುಗಿಯಿತು. ಹೊಟ್ಟೆಗಿಲ್ಲದ ಬೀದಿನಾಯಿ ತಿನ್ನಲು ಕೆರೆದರೆ, ಮನೆಯಲ್ಲಿ ಹೊಟ್ಟೆ ತುಂಬಿಸಿಕೊಂಡು ಬಂದ ನಾಯಿ ಆಟಕ್ಕೆ ಕೆರೆಯುತ್ತದೆ. ಎರಡರಲ್ಲೂ ಮೊಟ್ಟೆ ಉಳಿಯುವುದಿಲ್ಲ. ಮರಿಗಳು ಹೊರಬಂದು ನೀರಿಗೆ ತೆವಳುವ ಹೊತ್ತಿನಲ್ಲಿ ನಾಯಿ ಬಂದರೂ ಅದೇ ಗತಿ. ಅರಣ್ಯ ಇಲಾಖೆಯವರು ಮೀನುಗಾರರ ನೆರವಿನಿಂದ ಗೂಡು ಹುಡುಕಿ ಸುತ್ತ ಬಲೆಯ ಬೇಲಿ ಹಾಕುತ್ತಾರೆ. ಬೆಳಗಿನ ಜಾವ ಗೂಡು ಕಂಡು ಸುದ್ದಿ ಮುಟ್ಟಿಸುವವರು ಹೆಚ್ಚಾಗಿ ನಮ್ಮ ಮೀನುಗಾರರೇ, ಅವರಿಗೆ ಕೈಮುಗಿಯಬೇಕು. ಆದರೆ ಎಲ್ಲ ಗೂಡೂ ಎಲ್ಲರ ಕಣ್ಣಿಗೆ ಬೀಳುವುದಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿ, ಹುಲಿ ಆನೆಗಳ ಸಾಲಿನಲ್ಲೇ, ಈ ಆಮೆಯೂ ಇದೆ. ಕಾಸರಕೋಡಿನ ದಂಡೆಗೆ 2020ರಲ್ಲಿ, ಸ್ವಚ್ಛ ಹಾಗೂ ಸುರಕ್ಷಿತ ಕಡಲತೀರಗಳಿಗೆ ಕೊಡುವ ಬ್ಲೂ ಫ್ಲ್ಯಾಗ್ ಎಂಬ ಅಂತರರಾಷ್ಟ್ರೀಯ ಮಾನ್ಯತೆ ಸಿಕ್ಕಾಗ ನಾವೆಲ್ಲ ಹೆಮ್ಮೆಪಟ್ಟೆವು. ಆ ಮಾನ್ಯತೆಯ ನಿಯಮಗಳಲ್ಲಿ, ದಂಡೆಗೆ ಬರುವ ನಾಯಿ ಮತ್ತಿತರ ಸಾಕುಪ್ರಾಣಿಗಳ ಮೇಲೆ ಕಟ್ಟುನಿಟ್ಟಿನ ಹಿಡಿತ ಇರಬೇಕೆಂಬುದೂ ಒಂದು.

ದಂಡೆ ಎಂದರೆ ತಿರುಗಾಟದ ಜಾಗವಷ್ಟೇ ಅಲ್ಲ, ಅನೇಕರಿಗೆ ಅದು ಅಂಗಳ ಮತ್ತು ಅಂಗಡಿ. ಬಂಗಡೆ, ತಾರ್ಲೆ, ಶೆಟ್ಲಿ ಒಣಹಾಕಿ ಇಡೀ ದಿನ ಕಾಗೆ ಕಾಯುತ್ತ ಕೂರುವ ಹೆಂಗಸರನ್ನು ನೋಡಿದ್ದೀರಿ. ಅದರ ಮೇಲೆ ನಾಯಿ ಒಮ್ಮೆ ಓಡಿ, ಒಂದು ಕಡೆ ಕಾಲೆತ್ತಿದರೆ ಅವರ ದಿನದ ದುಡಿಮೆ ಹೋಯಿತು. ನಾಯಿಗೂ ದಂಡೆ ಅಷ್ಟೇನೂ ಸುರಕ್ಷಿತವಲ್ಲ. ಹರಿದ ಬಲೆ, ಗಾಳದ ಕೊಕ್ಕೆ, ಬಲೆಯಿಂದ ಬಿಡಿಸಿ ಎಸೆದ, ಹೊಟ್ಟೆ ಉಬ್ಬಿಸಿಕೊಳ್ಳುವ ಆ ವಿಷದ ಮೀನು. ಅದನ್ನು ಕಚ್ಚಿ ನುಂಗಿದರೆ ನಾಯಿ ಸಾಯಬಹುದು.

ಘಟ್ಟದ ಮೇಲೆ ಸಂಗತಿ ಬೇರೆ. ಸಿರ್ಸಿ, ಸಿದ್ದಾಪುರದ ಕಡೆ ನಾಯಿ ಮನೆಯ ಕಾವಲು, ತೋಟದ ಕಾವಲು. ಹಗಲು ಕಟ್ಟಿ ರಾತ್ರಿ ಬಿಡುವುದು ಹಿಂದಿನಿಂದ ಬಂದ ರೂಢಿ. ಹಂದಿ ಓಡಿಸಲು ಬಿಟ್ಟ ನಾಯಿಯನ್ನೇ ಚಿರತೆ ಹೊತ್ತೊಯ್ದ ಮನೆಗಳೂ ಇವೆ. ಸ್ವಂತ ಅಂಗಳ, ಸ್ವಂತ ತೋಟದ ಒಳಗಿನ ಮಾತಿಗೆ ನಾನು ಹೋಗುವುದಿಲ್ಲ. ದಣಪೆ ದಾಟಿ ರಸ್ತೆಗೆ ಬಂತೆಂದರೆ ಅಲ್ಲಿ ಶಾಲೆಯ ಬಸ್ಸಿಗೆ ಕಾದ ಮಕ್ಕಳಿರುತ್ತಾರೆ, ಡೈರಿಗೆ ಹಾಲು ಕೊಂಡೊಯ್ಯುವವರಿರುತ್ತಾರೆ. ಇನ್ನೊಂದು ಭಯವೂ ಇದೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ ನಮ್ಮ ತಾಲ್ಲೂಕುಗಳಲ್ಲೂ ಜೀವ ತೆಗೆದಿದೆ. ಅದನ್ನು ಹರಡುವುದು ಕಾಡಿನ ಉಣುಗು. ಬೇಸಿಗೆಯಲ್ಲಿ ಸೊಪ್ಪಿನ ಬೆಟ್ಟಕ್ಕೆ ನುಗ್ಗಿ ಬಂದ ನಾಯಿ ಮೈತುಂಬ ಉಣುಗು ಹತ್ತಿಸಿಕೊಂಡು ಜಗಲಿಯ ಮೇಲೆ ಮಕ್ಕಳ ಪಕ್ಕ ಮಲಗುತ್ತದೆ.

ಕಾನೂನು ಏನನ್ನುತ್ತದೆ? 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಮಿನ ಪ್ರಕಾರ, ತನ್ನ ವಶದಲ್ಲಿರುವ ಪ್ರಾಣಿಯಿಂದ ಮನುಷ್ಯರ ಜೀವಕ್ಕೆ ಅಪಾಯವೋ ಭಾರಿ ಗಾಯವೋ ಆಗಬಹುದಾಗಿದ್ದಾಗ ಸಾಕಷ್ಟು ಎಚ್ಚರ ವಹಿಸದವರಿಗೆ 6 ತಿಂಗಳವರೆಗೆ ಸೆರೆವಾಸ, ಅಥವಾ 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಇದು ಒಂದು ಕಡೆ. ಇನ್ನೊಂದು ಕಡೆ, 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ 11ನೇ ಕಲಮು ನಾಯಿಯ ಪರವಾಗಿ ಮಾತಾಡುತ್ತದೆ. ತೀರಾ ಗಿಡ್ಡ ಅಥವಾ ತೀರಾ ಭಾರದ ಸರಪಳಿಯಲ್ಲಿ ಗಂಟೆಗಟ್ಟಲೆ ಕಟ್ಟಿಡುವುದು ಅಪರಾಧ. ಸದಾ ಕಟ್ಟಿರುವ ನಾಯಿಗೆ ತಕ್ಕಷ್ಟು ವ್ಯಾಯಾಮ ಮಾಡಿಸದಿರುವುದೂ ಅಪರಾಧ. ಈ ಎರಡನೆಯದನ್ನು ಕಾನೂನಿನಲ್ಲಿ ಬರೆದಿಟ್ಟವರ ಬಗ್ಗೆ ನನಗೆ ಗೌರವವಿದೆ.

ಹಗ್ಗ ಹಾಕಿದರೆ ನಾಯಿ ಸಿಡುಕಾಗುತ್ತದೆ ಎನ್ನುವವರಿದ್ದಾರೆ. ಅದರಲ್ಲಿ ನಿಜವಿಲ್ಲದಿಲ್ಲ. ಎದುರು ನಾಯಿ ಕಂಡ ಕೂಡಲೇ ನಾವು ಹೆದರಿ ಹಗ್ಗ ಬಿಗಿಯುತ್ತೇವೆ. ಆ ಬಿಗಿತ ಕೊರಳಿಗೆ ತಾಗಿದಾಗ ನಾಯಿಗೂ ಏನೋ ಅಪಾಯವಿದೆ ಅನಿಸುತ್ತದೆ. ಅದಕ್ಕೆ ಮದ್ದು ಹಗ್ಗ ಬಿಚ್ಚುವುದಲ್ಲ. ಐದಾರು ಅಡಿಯ ಗಟ್ಟಿ ಪಟ್ಟಿ ಸಾಕು, ಅದು ಸಡಿಲವಾಗಿ ಜೋಲುತ್ತಿರಲಿ. ಎದುರಿನಿಂದ ಯಾರಾದರೂ ಬರುತ್ತಿದ್ದರೆ ಬಿಗಿಯುವ ಮೊದಲೇ ಪಕ್ಕಕ್ಕೆ ಸರಿದು ದಾರಿ ಬಿಡಿ. ಎಳೆಯುವ ನಾಯಿಗೆ ಕೊರಳ ಬೆಲ್ಟಿನ ಬದಲು ಎದೆಗೆ ಹಾಕುವ ಹಾರ್ನೆಸ್ ಒಳ್ಳೆಯದು. ಗುಂಡಿ ಒತ್ತಿದರೆ ಉದ್ದವಾಗುವ ಹಗ್ಗಗಳನ್ನು ಜನಸಂದಣಿಯಲ್ಲಿ ದಯವಿಟ್ಟು ಬಳಸಬೇಡಿ, ಆ ತೆಳು ದಾರ ಕಾಲಿಗೆ ಸುತ್ತಿದರೆ ಚರ್ಮ ಕೊಯ್ಯುತ್ತದೆ. ಕರೆದರೆ ಬರುವುದನ್ನು ಕಲಿಸಲು 20ರಿಂದ 30 ಅಡಿಯ ಉದ್ದ ಹಗ್ಗ ಕಟ್ಟಿ, ತೋಟದಲ್ಲೋ ಖಾಲಿ ಗದ್ದೆಯಲ್ಲೋ ಹೆಸರು ಹಿಡಿದು ಕರೆಯಿರಿ, ಬಂದಾಗ ತಿನ್ನಲು ಏನಾದರೂ ಕೊಡಿ. ತಡವಾಗಿ ಬಂತೆಂದು ಮಾತ್ರ ಬಯ್ಯಬೇಡಿ. ಬಂದದ್ದಕ್ಕೆ ಬೈಸಿಕೊಂಡ ನಾಯಿ ಮುಂದಿನ ಸಲ ಬರುವುದಿಲ್ಲ.

ಮೂರು ತಿಂಗಳು ತುಂಬಿದ ಮರಿಗೆ ರೇಬೀಸ್ ಲಸಿಕೆ, ಆಮೇಲೆ ಪಶುವೈದ್ಯರು ಹೇಳಿದ ಹಾಗೆ ವರ್ಷ ವರ್ಷ. ಯಾರಿಗಾದರೂ ಹಲ್ಲು ತಾಗಿದರೆ, ಪರಚಿದರೂ ಸರಿ, ಗಾಯವನ್ನು ಸಾಬೂನು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಿರಿ. ಸುಣ್ಣ, ಅರಿಶಿನ, ಖಾರದ ಪುಡಿ ಯಾವುದೂ ಬೇಡ. ಅವತ್ತೇ ಆಸ್ಪತ್ರೆಗೆ ಹೋಗಿ, ಬರೆದುಕೊಟ್ಟ ಸೂಜಿಗಳನ್ನು ಒಂದೂ ಬಿಡದೆ ಹಾಕಿಸಿಕೊಳ್ಳಿ. ರೇಬೀಸ್ ಲಕ್ಷಣ ಕಾಣಿಸಿದ ಮೇಲೆ ಮನುಷ್ಯ ಉಳಿಯುವುದು ಇಲ್ಲವೆನ್ನುವಷ್ಟು ಅಪರೂಪ.

ಇನ್ನು ಓಡುವ ಜಾಗದ ಮಾತು. ಕಾರವಾರ, ಸಿರ್ಸಿಯಂಥ ಊರುಗಳಲ್ಲಿ ಅಂಗಳ ಕಿರಿದಾಗುತ್ತಿದೆ, ಅಪಾರ್ಟ್‌ಮೆಂಟ್ ಹೆಚ್ಚುತ್ತಿವೆ. ತೋಟವಿಲ್ಲದವರ ನಾಯಿ ಎಲ್ಲಿ ಓಡಬೇಕು? ನಗರಸಭೆ ಒಂದು ತುಂಡು ಜಾಗ ಗುರುತಿಸಿ ಬೇಲಿ ಹಾಕಿಕೊಡಲಿ. ದೊಡ್ಡ ಖರ್ಚಿನ ಕೆಲಸವಲ್ಲ. ಐದಡಿ ಎತ್ತರದ ತಂತಿ ಬೇಲಿ ಬೇಕು. ಒಂದು ತೆರೆದಾಗ ನಾಯಿ ಹೊರಗೆ ನುಗ್ಗದಂತೆ ಒಂದರ ಹಿಂದೆ ಒಂದು ಎರಡು ಗೇಟು, ನೆರಳಿಗೆ ನಾಲ್ಕು ಹೊಂಗೆ ಮರ, ಕುಡಿಯುವ ನೀರಿನ ತೊಟ್ಟಿ, ಸಣ್ಣ ನಾಯಿಗಳಿಗೆ ಬೇರೆ ಮೂಲೆ. ಹೇಸಿಗೆ ಎತ್ತಿ ಹಾಕಲು ಒಂದು ಡಬ್ಬ. ಬೆಳಿಗ್ಗೆ ಎರಡು ಗಂಟೆ, ಸಂಜೆ ಎರಡು ಗಂಟೆ ತೆರೆದಿಟ್ಟರೂ ಸಾಕು.

ಕೇಳದೆ ಯಾರೂ ಕೊಡುವುದಿಲ್ಲ. ನಿಮ್ಮ ವಾರ್ಡಿನಲ್ಲಿ ನಾಯಿ ಸಾಕಿದ ಹತ್ತು ಮನೆಯವರು ಸೇರಿ ಒಂದು ಅರ್ಜಿ ಬರೆಯಿರಿ. ನಾಯಿ ಎಂದರೆ ಹೆದರುವ ನೆರೆಯವರ ಸಹಿಯನ್ನೂ ಕೇಳಿ. ಅವರು ಖಂಡಿತ ಹಾಕುತ್ತಾರೆ, ಈ ಬೇಲಿ ನಿಮಗಿಂತ ಅವರಿಗೇ ಹೆಚ್ಚು ಬೇಕಾಗಿದೆ. ಅರ್ಜಿ ಕೊಟ್ಟು ಸ್ವೀಕೃತಿ ಪಡೆದುಕೊಳ್ಳಿ, ತಿಂಗಳ ಮೇಲೆ ಹೋಗಿ ವಿಚಾರಿಸಿ. ಅಲ್ಲಿಯವರೆಗೆ ದಂಡೆಗೆ, ಪೇಟೆಗೆ, ದೇವಸ್ಥಾನದ ಬೀದಿಗೆ ನಾಯಿ ತರುವಾಗ ಹಗ್ಗ ನಿಮ್ಮ ಕೈಯಲ್ಲಿರಲಿ ಎಂದು ಕೇಳಿಕೊಳ್ಳುತ್ತೇನೆ.

ನಮಸ್ಕಾರ.