ಆಯಿಲ್ ಬೀಳುವ ಜಾಗ ಬೇರೆ, ಸೋರುವ ಜಾಗ ಬೇರೆ

ನಮಸ್ಕಾರ. ಈ ವಿಡಿಯೊ ನನ್ನ ಕಾರಿನ ಆಯಿಲ್ ಸೋರಿಕೆಯದು. ಬಳ್ಳಾರಿಯ ಕೌಲ್ ಬಜಾರ್ ಕಡೆಯ ಒಂದು ಗ್ಯಾರೇಜಿನಲ್ಲಿದ್ದೇವೆ. ಲಿಫ್ಟ್ ಮೇಲೆ ನಿಂತಿರುವ ಬೆಳ್ಳಿ ಬಣ್ಣದ ಎರಡು ಸೀಟಿನ ಕಾರು ನನ್ನದು. ಜರ್ಮನಿಯದು. ಮೂರು ಲೀಟರಿನ ಪೆಟ್ರೋಲ್ ಎಂಜಿನ್, ಆರು ಸಿಲಿಂಡರುಗಳು ಒಂದೇ ಸಾಲಿನಲ್ಲಿ, ಟರ್ಬೊ ಇಲ್ಲ. ಕಂಪನಿಯ ಹೆಸರು ಹೇಳುವುದಿಲ್ಲ. ಇಷ್ಟು ವಯಸ್ಸಾದ ಮೇಲೆ ಯಾವ ಕಾರಿನ ರಬ್ಬರೂ ಕಂಪನಿಯ ಮಾನ ಕಾಯುವುದಿಲ್ಲ.

ಬಳ್ಳಾರಿಗೆ ಇಂಥ ಕಾರು ಹೇಗೆ ಬಂತು ಎಂದು ಬೇರೆ ಊರಿನವರು ಕೇಳುತ್ತಾರೆ, ಇಲ್ಲಿಯವರು ಕೇಳುವುದಿಲ್ಲ. ಚೀನಾಕ್ಕೆ ಅದಿರು ಹೋಗುತ್ತಿದ್ದ ಕಾಲದಲ್ಲಿ ನಮ್ಮ ರಸ್ತೆಗಳಲ್ಲಿ ಗುಂಡಿಗಳಿಗೂ ಬರವಿರಲಿಲ್ಲ, ವಿದೇಶಿ ಕಾರುಗಳಿಗೂ ಬರವಿರಲಿಲ್ಲ. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಯನ್ನು ನಿಲ್ಲಿಸಿತು. ಆಮೇಲೆ ಕೆಲವು ಕಾರುಗಳು ಬೆಂಗಳೂರು, ಹೈದರಾಬಾದ್ ಸೇರಿದವು, ಕೆಲವು ಹೊದಿಕೆ ಹೊದ್ದು ಶೆಡ್ಡಿನಲ್ಲೇ ಉಳಿದವು. ನನ್ನದು ಹಾಗೆ ಉಳಿದ ಕಾರು. ಮೀಟರ್ ನೋಡಿದರೆ ಯಾರಿಗಾದರೂ ಆಸೆಯಾಗಬೇಕು, ಅಷ್ಟು ಕಡಿಮೆ ಓಡಿದೆ. ಆದರೆ ಕಡಿಮೆ ಓಡಿದ ಕಾರು ಎಂಬುದು ಸೀಲುಗಳ ಮಟ್ಟಿಗೆ ಶುಭ ಸುದ್ದಿಯಲ್ಲ. ತಿರುಗುವ ಶಾಫ್ಟಿಗೆ ಒತ್ತಿಕೊಂಡಿರುವ ಆಯಿಲ್ ಸೀಲಿನ ಅಂಚಿನಲ್ಲಿ ಸದಾ ಸ್ವಲ್ಪ ಪಸೆ ಇರಬೇಕು. ವರ್ಷಗಟ್ಟಲೆ ನಿಂತರೆ ಅದು ಒಣಗಿ ಬಿರುಸಾಗುತ್ತದೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಊರಿನಲ್ಲಿ, ಅದೂ ತಗಡಿನ ಶೆಡ್ಡಿನಲ್ಲಿ, ಬೇಗನೆ ಬಿರುಸಾಗುತ್ತದೆ.

ಇದು ಕಾರಿನ ಜೊತೆ ಬಂದ ಕಡತ. ಬಿಲ್ಲುಗಳನ್ನು ಒಂದೊಂದಾಗಿ ತೋರಿಸುತ್ತೇನೆ. ಚೇಂಬರ್ ಪ್ಯಾಕಿಂಗ್, ಅಂದರೆ ಎಂಜಿನ್ ತಳದ ಆಯಿಲ್ ತಟ್ಟೆಯ ಸಂದಿಯಲ್ಲಿ ಸೋರದಂತೆ ತಡೆಯುವ ಪಟ್ಟಿ, ಬದಲಾಯಿಸಿದ್ದಾರೆ. ಎಂಜಿನ್ನಿನ ಮುಖ್ಯ ಶಾಫ್ಟಾದ ಕ್ರ್ಯಾಂಕಿನ ಮುಂದಿನ ಸೀಲ್ ಬದಲಾಯಿಸಿದ್ದಾರೆ. ಗೇರ್ ಬಾಕ್ಸ್ ಇಳಿಸಿ ಹಿಂದಿನ ಸೀಲನ್ನೂ ಬದಲಾಯಿಸಿದ್ದಾರೆ. ಕೊನೆಯದು ಜೇಬು ಹರಿಯುವ ಕೆಲಸ. ಸೀಲಿನ ಬೆಲೆ ಏನೂ ಅಲ್ಲ, ಅದನ್ನು ಮುಟ್ಟುವವರೆಗಿನ ಕೂಲಿಯೇ ಎಲ್ಲ. ಪ್ರತಿ ಬಿಲ್ಲಿನಲ್ಲೂ ಆಯಿಲ್ ಲೀಕ್ ಸರಿಪಡಿಸಲಾಗಿದೆ ಎಂದು ಬರೆದಿದೆ. ಅದರ ಕೆಳಗಿನ ಬಿಲ್ಲು ಮತ್ತೆ ಆಯಿಲ್ ಲೀಕಿನದೇ. ಮಾಡಿದವರು ಸಣ್ಣ ಗ್ಯಾರೇಜಿನವರಲ್ಲ, ಗಾಜಿನ ಗೋಡೆ, ಕಾಫಿ ಯಂತ್ರ ಎಲ್ಲ ಇರುವವರು.

ಅವರು ಹಾಕಿದ ಸೀಲುಗಳಲ್ಲಿ ದೋಷವಿರಲಿಲ್ಲ. ಅವರು ಹನಿ ಬೀಳುವ ಜಾಗವನ್ನು ನೋಡಿ, ಅಲ್ಲಿದ್ದ ಸೀಲನ್ನು ಬದಲಾಯಿಸುತ್ತಾ ಹೋದರು. ಆಯಿಲ್ ಕೆಳಗಿಳಿಯುತ್ತದೆ, ಕಾರು ಓಡುವಾಗ ಗಾಳಿಗೆ ಸಿಕ್ಕಿ ಹಿಂದಕ್ಕೂ ಹರಿಯುತ್ತದೆ. ಎಂಜಿನ್ನಿನ ನೆತ್ತಿಯಲ್ಲಿರುವ ಹೆಡ್ ಕವರಿನಿಂದ ಹೊರಟದ್ದು ಬ್ಲಾಕಿನ ಗೋಡೆ ಹಿಡಿದು ಇಳಿದು, ಎಂಜಿನ್ ಮತ್ತು ಗೇರ್ ಬಾಕ್ಸ್ ಸೇರುವ ಬೆಲ್ ಹೌಸಿಂಗ್ ತಲುಪಿ, ಅಲ್ಲಿಂದ ತೊಟ್ಟಿಕ್ಕುತ್ತದೆ. ಕೆಳಗೆ ಮಲಗಿ ಟಾರ್ಚ್ ಹಿಡಿದವನಿಗೆ ಹಿಂದಿನ ಸೀಲೇ ಕಳ್ಳನಂತೆ ಕಾಣುತ್ತದೆ.

ಕಳ್ಳನನ್ನು ಹಿಡಿಯಲು ನಮಗೆ ಇಲ್ಲಿ ಒಂದು ಅನುಕೂಲವಿದೆ. ಈಗ ನೋಡುತ್ತಿರುವುದು ಹೊಸಪೇಟೆ ರಸ್ತೆ, ರಾಷ್ಟ್ರೀಯ ಹೆದ್ದಾರಿ 67. ಕುಡತಿನಿಯ ಉಷ್ಣ ವಿದ್ಯುತ್ ಸ್ಥಾವರ ದಾಟಿದೆವು, ಮುಂದೆ ತೋರಣಗಲ್ಲಿನ ಉಕ್ಕಿನ ಕಾರ್ಖಾನೆ, ಅಲ್ಲಿಂದ ಸಂಡೂರಿನ ಕಡೆ ತಿರುವು. ಅದಿರಿನ ಟಿಪ್ಪರ್‌ಗಳ ಹಿಂದೆ ಸ್ವಲ್ಪ ದೂರ ಓಡಿಸಿದರೆ ಸಾಕು, ಕಾರಿನ ಹೊಟ್ಟೆಗೆಲ್ಲ ಹೆಮಟೈಟ್ ಎಂಬ ಕಬ್ಬಿಣದ ಅದಿರಿನ ಪುಡಿ ಮೆತ್ತುತ್ತದೆ. ನಾವು ಜೀವಮಾನವಿಡೀ ಬೈಯುವ ಈ ಕೆಂಪು ಧೂಳು ಇವತ್ತು ಉಪಯೋಗಕ್ಕೆ ಬಂತು. ಒಣ ಲೋಹದ ಮೇಲೆ ಅದು ಹಗುರವಾಗಿ ಕೂರುತ್ತದೆ, ಊದಿದರೆ ಹಾರುತ್ತದೆ. ಆಯಿಲ್ ಪಸೆ ಇರುವ ಕಡೆ ಎಣ್ಣೆಯಲ್ಲಿ ಕಲಸಿದ ಕುಂಕುಮದ ಹಾಗೆ ಅಂಟಿಕೊಳ್ಳುತ್ತದೆ. ಹಳೆಯ ಸೋರಿಕೆಯ ಮೇಲೆ ದಪ್ಪಗೆ, ಒಣಗಿ ಬಿರುಕು ಬಿಟ್ಟ ಹೆಕ್ಕಳಿಕೆ. ಹೊಸ ಸೋರಿಕೆಯ ಮೇಲೆ ಕಪ್ಪಗೆ ಹೊಳೆಯುವ ಗೆರೆ.

ಕ್ಯಾಮೆರಾವನ್ನು ಹತ್ತಿರ ತರುತ್ತೇನೆ. ಇದು ಸೈಲೆನ್ಸರ್ ಪೈಪ್ ಇರುವ ಬದಿ. ಆರನೇ ಸಿಲಿಂಡರಿನ ಹಿಂದೆ, ಕ್ಯಾಬಿನ್ನಿನ ಗೋಡೆಗೆ ತಾಗಿಕೊಂಡ ಮೂಲೆ. ಬೆರಳು ಅಗಲದ ಒದ್ದೆ ಗೆರೆ ಹೆಡ್ ಕವರಿನ ಅಂಚಿನಿಂದಲೇ ಶುರುವಾಗಿದೆ. ಅಂಚಿಗಿಂತ ಮೇಲೆ ಧೂಳು ಹಗುರವಾಗಿದೆ, ಕೆಳಗೆ ಮೆತ್ತಿಕೊಂಡಿದೆ. ಗೆರೆಯ ಒಂದು ಕವಲು ಸಿಲಿಂಡರುಗಳಿಂದ ಸುಟ್ಟ ಅನಿಲ ಹೊರಬರುವ ಕೊಳವೆ, ಎಕ್ಸಾಸ್ಟ್ ಮ್ಯಾನಿಫೋಲ್ಡ್ ಮೇಲೆ ಬಿದ್ದಿದೆ. ರಾಯಲ್ ಸರ್ಕಲ್‌ನಲ್ಲಿ ನಿಂತಾಗ ಎಸಿಯ ಗಾಳಿಯಲ್ಲಿ ಬರುತ್ತಿದ್ದ ಸುಟ್ಟ ವಾಸನೆಗೆ ಇದೇ ಕಾರಣ. ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಎಂಜಿನ್ ಆಯಿಲಿನ ಆವಿ ಕಿಡಿಗೆ ಹೊತ್ತಿಕೊಳ್ಳುವುದು 200 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲೆ, ಜೋರಾಗಿ ಓಡಿಸಿದ ಕಾರಿನ ಮ್ಯಾನಿಫೋಲ್ಡ್ ಅದಕ್ಕಿಂತ ಎಷ್ಟೋ ಹೆಚ್ಚು ಬಿಸಿ. ನೆಲದ ಮೇಲೆ ಬೀಳುವ ಹನಿಗಿಂತ ಮ್ಯಾನಿಫೋಲ್ಡ್ ಮೇಲೆ ಬಿದ್ದು ಹೊಗೆಯಾಗುವ ಹನಿಗೆ ಹೆದರಬೇಕು. ಅಗ್ನಿಶಾಮಕ ಸಿಲಿಂಡರ್ ಸೀಟಿನ ಹಿಂದೆ ಇಟ್ಟಿದ್ದೇನೆ, ತೋರಿಸುತ್ತಿದ್ದೇನೆ, ನೀವೂ ಇಡಿ.

ನಮ್ಮ ಮೇಸ್ತ್ರಿ ತಮ್ಮ ಹೆಸರು ಹೇಳಬೇಡಿ ಎಂದಿದ್ದಾರೆ, ಕೈ ಮಾತ್ರ ಕಾಣಿಸುತ್ತದೆ. ಅವರಿಗೆ ಕೆಂಪು ಧೂಳಿನ ಸಾಕ್ಷಿ ಸಾಲಲಿಲ್ಲ.

“ಇದು ಅನುಮಾನ ಸಾರ್. ಮೊದಲು ಪೂರ್ತಿ ತೊಳೆಯೋಣ, ಬಣ್ಣ ಹಾಕೋಣ, ಆಮೇಲೆ ಪಾನಾ ಹಿಡಿಯುತ್ತೇನೆ.”

ಎಂಜಿನ್ ತಣ್ಣಗಾದ ಮೇಲೆ ಜಿಡ್ಡು ಬಿಡಿಸುವ ಡಿಗ್ರೀಸರ್ ಹಾಕಿ, ಬ್ರಷ್‌ನಿಂದ ಉಜ್ಜಿ, ವೈರಿಂಗ್‌ಗೆ ಪ್ಲಾಸ್ಟಿಕ್ ಸುತ್ತಿ ತೊಳೆದರು. ನೇರಳಾತೀತ ಬೆಳಕಿಗೆ ಹೊಳೆಯುವ ಬಣ್ಣವನ್ನು ಆಯಿಲಿಗೆ ಸುರಿದರು. ಸಂಡೂರಿನ ಘಾಟಿಯವರೆಗೆ ಹೋಗಿ ಬಂದು, ಶಟರ್ ಎಳೆದು ಕತ್ತಲು ಮಾಡಿ, ಹಳದಿ ಕನ್ನಡಕ ಹಾಕಿ ನೋಡಿದರೆ ಅದೇ ಮೂಲೆಯಲ್ಲಿ ಹಳದಿ ಹಸಿರು ಬೆಳಕು. ಹಿಂದಿನ ಸೀಲ್ ಕಡೆ ಏನೂ ಇರಲಿಲ್ಲ. ಗೇರ್ ಬಾಕ್ಸ್ ಇಳಿಸಿದ ಬಿಲ್ಲನ್ನು ಆಗ ಇನ್ನೊಮ್ಮೆ ತೆರೆದು ನೋಡಿದೆ, ಹೊಟ್ಟೆ ಉರಿಯಿತು. ದುಡ್ಡು ಹಿಂದಿನ ಮಾಲೀಕರದು, ಆದರೂ.

ಹೆಡ್ ಕವರ್ ಬಿಚ್ಚುವ ಭಾಗವನ್ನು ವೇಗವಾಗಿ ಓಡಿಸುತ್ತೇನೆ. ಇಲ್ಲಿ ಮಾತ್ರ ನಿಲ್ಲಿಸಿ ನೋಡಿ. ಹಳೆಯ ಪ್ಯಾಕಿಂಗ್ ಎಡಗೈಯಲ್ಲಿ, ಹೊಸದು ಬಲಗೈಯಲ್ಲಿ. ಹೊಸದನ್ನು ಬಾಗಿಸಿದರೆ ಬಾಗುತ್ತದೆ, ಬಿಟ್ಟರೆ ಮೊದಲಿನಂತಾಗುತ್ತದೆ. ಹಳೆಯದನ್ನು ಬಾಗಿಸಿದರೆ ಟಕ್ ಎಂದು ಮುರಿಯುತ್ತದೆ, ಮುರಿದ ತುದಿ ಉಗುರಿಗೆ ಚುಚ್ಚುತ್ತದೆ. ದುಂಡಗಿದ್ದ ಅಂಚು ಒತ್ತಿ ಒತ್ತಿ ಚಪ್ಪಟೆಯಾಗಿದೆ. ಈ ಎಂಜಿನ್ನಿನಲ್ಲಿ ಆಯಿಲ್ 100 ಡಿಗ್ರಿ ಮೀರಿ ಬಿಸಿಯಾಗುವುದು ದಿನದ ಮಾತು, ರಬ್ಬರಿನ ಗತಿ ಇದೇ. ಅದಕ್ಕಾಗಿಯೇ ಅಗ್ಗದ ಪ್ಯಾಕಿಂಗ್ ಬೇಡ ಎನ್ನುತ್ತೇನೆ. ಸಾಮಾನ್ಯ ನೈಟ್ರೈಲ್ ರಬ್ಬರು ಈ ಬಿಸಿಯಲ್ಲಿ ಬೇಗ ಗಟ್ಟಿಯಾಗುತ್ತದೆ. ಒಳ್ಳೆಯ ಮಾಲು ಬಳ್ಳಾರಿಯಲ್ಲಿ ಸಿಗಲಿಲ್ಲ, ಬೆಂಗಳೂರಿನಿಂದ ರಾತ್ರಿ ಬಸ್ಸಿನ ಪಾರ್ಸೆಲ್ಲಿನಲ್ಲಿ ಬಂತು.

ಒರೆಸುವ ಬಟ್ಟೆಯ ಬಗ್ಗೆ ಒಂದು ಮಾತು. ಬಳ್ಳಾರಿ ಜೀನ್ಸ್ ಹೊಲಿಯುವ ಊರು. ಕತ್ತರಿಸಿ ಉಳಿದ ಚೂರುಗಳು ಮೂಟೆಗಟ್ಟಲೆ ಸಿಗುತ್ತವೆ, ಕೈ ಒರೆಸಲು ಅದಕ್ಕಿಂತ ಒಳ್ಳೆಯದಿಲ್ಲ. ಹುಡುಗನೊಬ್ಬ ಅದೇ ಚೂರು ಹಿಡಿದು ಸಿಲಿಂಡರ್ ಹೆಡ್ ಕಡೆ ಬಂದಾಗ ಮೇಸ್ತ್ರಿ ಅವನ ಕೈಯಿಂದ ಕಿತ್ತು ಬಿಸಾಡಿದರು. “ಅದರ ನೂಲು ಒಳಗೆ ಹೋದರೆ ಆಯಿಲ್ ಜಾಲರಿಯಲ್ಲಿ ಕೂರುತ್ತದೆ ಕಣೋ. ಬನಿಯನ್ ಬಟ್ಟೆ ತಾ.” ಸಿಲಿಕಾನ್ ಪೇಸ್ಟಿನ ವಿಷಯದಲ್ಲೂ ಅವರದು ಇದೇ ಶಿಸ್ತು. ಎರಡು ಲೋಹದ ಭಾಗಗಳು ಕೂಡುವ ಸಂದಿನಲ್ಲಿ ಅವರೆಕಾಳಿನಷ್ಟು, ಉಳಿದ ಕಡೆ ಪ್ಯಾಕಿಂಗ್ ಒಣದಾಗಿಯೇ ಕೂರಬೇಕು. ಹೆಚ್ಚು ಹಚ್ಚಿದರೆ ಹೊರಗೆ ಎಷ್ಟು ಉಬ್ಬಿ ಬರುತ್ತದೋ ಒಳಗೂ ಅಷ್ಟೇ ಬರುತ್ತದೆ, ಒಳಗಿನದು ಕಿತ್ತುಕೊಂಡು ಅದೇ ಜಾಲರಿಗೆ ಹೋಗುತ್ತದೆ.

ಬೋಲ್ಟುಗಳಿಗೂ ಒಂದು ಕಟ್ಟುಪಾಡಿದೆ. ಈ ಎಂಜಿನ್ನಿನ ಹೊರಮೈ ಮೆಗ್ನೀಸಿಯಂ, ಒಳಗಿನದು ಅಲ್ಯೂಮಿನಿಯಂ. ಮೆಗ್ನೀಸಿಯಮ್ಮಿಗೆ ಉಕ್ಕಿನ ಬೋಲ್ಟ್ ಹಾಕಿದರೆ, ನೀರಿನ ಪಸೆ ಸಿಕ್ಕಿದ ಕೂಡಲೇ ಎರಡು ಲೋಹಗಳ ನಡುವೆ ಬ್ಯಾಟರಿಯಂತೆ ಕ್ರಿಯೆ ನಡೆದು ಮೆಗ್ನೀಸಿಯಂ ಸವೆಯುತ್ತದೆ. ಅದಕ್ಕೇ ಕಂಪನಿ ಅಲ್ಯೂಮಿನಿಯಂ ಬೋಲ್ಟ್ ಕೊಟ್ಟಿದೆ. ಬಿಗಿಯುವಾಗ ಅವು ಹಿಗ್ಗುತ್ತವೆ, ಆದ್ದರಿಂದ ಒಂದು ಸಲ ಬಿಚ್ಚಿದರೆ ಎಸೆಯಬೇಕು. ಬಿಗಿತ ಅಳೆಯುವ ಟಾರ್ಕ್ ರೆಂಚಿನಲ್ಲಿ ಇಷ್ಟು, ಆಮೇಲೆ ಇಷ್ಟು ಡಿಗ್ರಿ ತಿರುವು ಎಂದು ಲೆಕ್ಕ. ಕೈ ಅಂದಾಜಿಗೆ ಇಲ್ಲಿ ಕೆಲಸವಿಲ್ಲ.

ಇಷ್ಟೆಲ್ಲ ಮಾಡಿ ಕಾರು ಒಣಗಿತು. ಕೆಲವು ತಿಂಗಳು ಚೆನ್ನಾಗಿತ್ತು. ಆಮೇಲೆ ಹೆಡ್ ಕವರಿನ ಇನ್ನೊಂದು ಮೂಲೆಯಲ್ಲಿ ಪಸೆ, ಆಯಿಲ್ ಫಿಲ್ಟರ್ ಹೌಸಿಂಗ್ ಬುಡದಲ್ಲಿ ಪಸೆ. ಫಿಲ್ಟರ್ ಹೌಸಿಂಗಿನ ಕೆಳಗೇ ಬೆಲ್ಟ್ ಓಡುತ್ತದೆ, ಅಲ್ಲಿ ಸೋರಿದರೆ ಆಯಿಲ್ ಬೆಲ್ಟಿಗೆ ತಾಗಿ ಅದು ಜಾರುತ್ತದೆ, ತುಂಡಾದರೆ ಕಾರು ನಡುರಸ್ತೆಯಲ್ಲಿ ನಿಲ್ಲುತ್ತದೆ. ಹೊಸ ಪ್ಯಾಕಿಂಗ್ ಹಾಕಿದ ಜಾಗದಲ್ಲೇ ಮತ್ತೆ ಪಸೆ ಬಂದರೆ ಪ್ಯಾಕಿಂಗನ್ನು ಬಿಟ್ಟು ಬೇರೆ ಕಡೆ ಹುಡುಕಬೇಕು. ಈ ವಿಡಿಯೊ ಮಾಡಿದ್ದೇ ಇಲ್ಲಿಂದ ಮುಂದಿನದಕ್ಕಾಗಿ.

ಪಿಸ್ಟನ್ ರಿಂಗುಗಳನ್ನು ದಾಟಿ ಸ್ವಲ್ಪ ಅನಿಲ ಎಲ್ಲ ಎಂಜಿನ್ನಿನಲ್ಲೂ ಕೆಳಗಿಳಿಯುತ್ತದೆ, ಹೊಸ ಎಂಜಿನ್ನಿನಲ್ಲೂ. ಅದು ಹೊರಹೋಗಲು ಬ್ರೀದರ್ ಎಂಬ ದಾರಿ ಇದೆ. ಎಂಜಿನ್ ಗಾಳಿ ಎಳೆದುಕೊಳ್ಳುವ ಇನ್‌ಟೇಕ್ ಕಡೆಯ ಎಳೆತ ಆ ಅನಿಲವನ್ನು ಸೆಳೆದುಕೊಂಡು ಮತ್ತೆ ಉರಿಸುತ್ತದೆ. ಬ್ರೀದರ್ ಕಟ್ಟಿಕೊಂಡರೆ ಅನಿಲ ಒಳಗೇ ಉಳಿಯುತ್ತದೆ, ಒತ್ತಡ ಏರುತ್ತದೆ, ಎಲ್ಲಿ ದುರ್ಬಲವೋ ಅಲ್ಲಿಂದ ಆಯಿಲನ್ನು ಹೊರಗೆ ನೂಕುತ್ತದೆ. ಒಂದು ಸೀಲ್ ಬಿಗಿ ಮಾಡಿದರೆ ಅದು ಮುಂದಿನ ದುರ್ಬಲ ಸೀಲನ್ನು ಹುಡುಕಿಕೊಳ್ಳುತ್ತದೆ. ಕಡತದ ಬಿಲ್ಲುಗಳನ್ನು ತಾರೀಕಿನ ಪ್ರಕಾರ ಜೋಡಿಸಿದರೆ ನಿಖರವಾಗಿ ಈ ಕಥೆಯೇ ಕಾಣುತ್ತದೆ.

ಪರೀಕ್ಷೆಗೆ ಕಾಸು ಖರ್ಚಿಲ್ಲ. ಎಂಜಿನ್ ಐಡಲ್‌ನಲ್ಲಿ ಓಡುತ್ತಿರಲಿ. ಆಯಿಲ್ ಹಾಕುವ ಮುಚ್ಚಳ ತೆಗೆದು ಬಾಯಿಗೆ ತೆಳುವಾದ ಪ್ಲಾಸ್ಟಿಕ್ ಹಾಳೆ ಹಿಡಿಯಿರಿ. ಆರೋಗ್ಯವಾಗಿದ್ದರೆ ಹಾಳೆ ಸ್ವಲ್ಪ ಒಳಕ್ಕೆ ಎಳೆಯಲ್ಪಡುತ್ತದೆ, ಎಂಜಿನ್ ಸದ್ದು ಕೂಡ ಏರುಪೇರಾಗುತ್ತದೆ. ನಮ್ಮದು ನೋಡಿ, ಮಂಡಕ್ಕಿ ಕಟ್ಟಿಸಿಕೊಂಡು ಬಂದ ಚೀಲವೇ ಇದು, ಉಬ್ಬಿ ನಿಂತಿದೆ. ಅದರ ವಿರುದ್ಧದ ಕಾಯಿಲೆಯೂ ಇದೆ. ಬ್ರೀದರ್ ಒಳಗಿನ ತೆಳು ರಬ್ಬರ್ ಪೊರೆ ಹರಿದರೆ ಎಳೆತ ಅತಿಯಾಗಿ, ಮುಚ್ಚಳ ಎತ್ತಲು ಕಷ್ಟವಾಗುತ್ತದೆ, ಸಿಳ್ಳೆಯಂಥ ಸದ್ದು ಬರುತ್ತದೆ, ಹೊಗೆ ಬರುತ್ತದೆ. ರಿಂಗುಗಳೇ ಸವೆದಿದ್ದರೂ ಹಾಳೆ ಉಬ್ಬುತ್ತದೆ, ಹಾಗಾಗಿ ಕಂಪ್ರೆಷನ್, ಅಂದರೆ ಸಿಲಿಂಡರಿನೊಳಗಿನ ಒತ್ತಡ, ನೋಡಿಸಿದೆವು. ಆರೂ ಸಿಲಿಂಡರು ಚೆನ್ನಾಗಿದ್ದವು.

ಬ್ರೀದರ್ ಹೋಸ್ ಬಿಚ್ಚುವಾಗಲೇ ಬಿಸ್ಕತ್ತಿನ ಚೂರುಗಳಾಗಿ ಉದುರಿತು. ಒಳಗೆ ಕಪ್ಪು ಗಸಿ ಕಟ್ಟಿಕೊಂಡು ದಾರಿ ಪೆನ್ಸಿಲ್ ತೂರುವಷ್ಟು ಉಳಿದಿತ್ತು. ಕಾರಣ ದೂರ ಹುಡುಕಬೇಕಿಲ್ಲ. ಆಯಿಲ್ ಬದಲಾವಣೆಗೆ ಕಾರಿನೊಳಗಿನ ಪರದೆ ತೋರಿಸುವ ದೊಡ್ಡ ಅಂತರವನ್ನು ನಂಬಿ, ನಡುವೆ ವರ್ಷಗಟ್ಟಲೆ ನಿಲ್ಲಿಸಿದರೆ ಗಸಿ ಕಟ್ಟದೆ ಏನಾಗುತ್ತದೆ? ಹೋಸು, ಕವಾಟ ಎರಡನ್ನೂ ಹೊಸದು ಹಾಕಿದೆವು, ಫಿಲ್ಟರ್ ಹೌಸಿಂಗ್ ಪ್ಯಾಕಿಂಗನ್ನೂ ಬದಲಾಯಿಸಿದೆವು. ಈಗ ಹಾಳೆ ಒಳಕ್ಕೆ ಹೋಗುತ್ತದೆ, ನೋಡಿ.

ದಪ್ಪ ಆಯಿಲ್ ಹಾಕಿ, ಸೋರುವುದು ನಿಲ್ಲುತ್ತದೆ ಎಂದು ಊರೆಲ್ಲ ಹೇಳಿತು. 5ಡಬ್ಲ್ಯೂ-30 ತೆಗೆದು 20ಡಬ್ಲ್ಯೂ-50 ಹಾಕುವುದು ಹಳೆಯ ಜೀಪಿಗೆ ಸರಿಹೋದೀತು. ಡಬ್ಲ್ಯೂಗೆ ಮೊದಲು ಬರುವ ಸಂಖ್ಯೆ ತಣ್ಣಗಿರುವಾಗ ಆಯಿಲ್ ಎಷ್ಟು ಸರಾಗ ಎಂಬುದನ್ನು, ಕೊನೆಯದು 100 ಡಿಗ್ರಿಯಲ್ಲಿ ಎಷ್ಟು ದಪ್ಪ ಎಂಬುದನ್ನು ಹೇಳುತ್ತದೆ. ಈ ಎಂಜಿನ್ನಿನಲ್ಲಿ ವಾಲ್ವ್‌ಗಳು ತೆರೆದು ಮುಚ್ಚುವ ಸಮಯವನ್ನು ಹಿಂದೆ ಮುಂದೆ ಮಾಡುವುದೇ ಆಯಿಲಿನ ಒತ್ತಡ, ಅದರ ದಾರಿಗಳು ಸೂಕ್ಷ್ಮ. ದಪ್ಪ ಆಯಿಲ್ ಹಾಕಿದರೆ ಸೋರಿಕೆ ನಿಧಾನವಾದೀತು, ನಿಲ್ಲುವುದಿಲ್ಲ. ಸೀಲನ್ನು ಊದಿಸುವ ಬಾಟಲಿ ಔಷಧಿ ನಾಳೆ ಮಾರುವ ಕಾರಿಗೆ ಹಾಕುವವರ ಸರಕು. ಕೊಳ್ಳುವವನ ಶಾಪ ತಟ್ಟುತ್ತದೆ.

ಈ ಕಾರಿಗೆ ಆಯಿಲ್ ಮಟ್ಟ ನೋಡುವ ಕಡ್ಡಿ, ಡಿಪ್ ಸ್ಟಿಕ್ಕೇ ಇಲ್ಲ. ಎಳೆದು, ಒರೆಸಿ, ಬೆರಳಿಗೆ ತಾಗಿಸಿ ನೋಡುವ ಸುಖವನ್ನು ಕಂಪನಿ ಕಿತ್ತುಕೊಂಡಿದೆ. ಸಪಾಟು ನೆಲದಲ್ಲಿ ಎಂಜಿನ್ ಬಿಸಿಯಾದ ಮೇಲೆ ಪರದೆ ಏನು ಹೇಳುತ್ತದೋ ಅದೇ. ಸೋರುವ ಕಾರಿಗೆ ಇದು ಕೆಟ್ಟ ಜೋಡಿ. ಹಾಗಾಗಿ ರಾತ್ರಿ ಕಾರಿನ ಕೆಳಗೆ ರಟ್ಟು ಹಾಸುತ್ತೇನೆ, ಮುಂದಿನ ಚಕ್ರದ ಗುರುತು ಬರೆದು. ಹನಿ ಎಲ್ಲಿ ಬಿತ್ತು, ಯಾವ ಬಣ್ಣ, ಬೆಳಿಗ್ಗೆ ಗೊತ್ತಾಗುತ್ತದೆ. ಕಂದು, ಕಪ್ಪು ಇದ್ದರೆ ಎಂಜಿನ್ನಿನದು. ಬಣ್ಣವಿಲ್ಲದೆ ಒಣಗಿಹೋದರೆ ಎಸಿ ನೀರು, ಅದಕ್ಕೆ ಗ್ಯಾರೇಜಿಗೆ ಓಡಬೇಡಿ.

ಈಗ ಮೇಲ್ಭಾಗ ಒಣಗಿದೆ. ಚೇಂಬರ್ ಪ್ಯಾಕಿಂಗ್ ಮುಂಭಾಗದಲ್ಲಿ ತೆಳು ಬೆವರು ಉಳಿದಿದೆ, ಹಿಂದಿನವರು ಪೇಸ್ಟ್ ಮೆತ್ತಿದ ಜಾಗವೇ ಅದು. ಬೆವರು ಮಾತ್ರ, ಹನಿಯಾಗಿ ಬೀಳುವುದಿಲ್ಲ. ಸರಿಮಾಡಲು ಎಂಜಿನ್ ಕೆಳಗಿನ ಚೌಕಟ್ಟು, ಮುಂದಿನ ಸಬ್‌ಫ್ರೇಮ್ ಇಳಿಸಬೇಕು, ಎಂಜಿನ್ನನ್ನು ಮೇಲಿನಿಂದ ತೂಗು ಹಾಕಬೇಕು, ಆಮೇಲೆ ಚಕ್ರಗಳ ಅಲೈನ್‌ಮೆಂಟ್. “ಈ ಬೆವರಿಗೆ ಅಷ್ಟು ಬಿಚ್ಚುವುದು ಬೇಡ ಸಾರ್,” ಎಂದರು ಮೇಸ್ತ್ರಿ. “ಮುಂದೆ ಎಂಜಿನ್ ಮೌಂಟಿಂಗ್ ಬದಲಾಯಿಸುವ ದಿನ ಬರುತ್ತದೆ, ಆಗ ಜೊತೆಗೇ ಮಾಡೋಣ.” ನನಗೂ ಹಾಗೇ ಅನಿಸಿತು. ಪ್ಯಾಕಿಂಗನ್ನು ತರಿಸಿ ಪೆಟ್ಟಿಗೆಯಲ್ಲಿಟ್ಟಿದ್ದೇನೆ. ಬೋಲ್ಟುಗಳಿಗೆ ಇನ್ನೂ ಆರ್ಡರ್ ಹೇಳಿಲ್ಲ.