ತೋಳ ಹಳ್ಳಕ್ಕೆ ಬಿದ್ದಿಲ್ಲ

ಎಲ್ಲರಿಗೂ ನಮಸ್ಕಾರ. ಈಗ ನೋಡಿದ ‘ವುಲ್ಫೆನ್’ ಸಿನಿಮಾ ಮುಗಿದು ಲೈಟ್ ಹಾಕಿದ ಕೂಡಲೇ ಹಿಂದಿನ ಸಾಲಿನಿಂದ ಒಬ್ಬರು ‘ಇಷ್ಟೇನಾ ಸಾರ್ ತೋಳ?’ ಅಂದರು. ನನಗೆ ನಗು ಬಂತು. ಮೊದಲ ಸಲ ನೋಡಿದಾಗ ನನ್ನ ಬಾಯಿಂದ ಬಂದದ್ದೂ ಅದೇ ಮಾತು. ಒಂದೂವರೆ ಗಂಟೆ ಕಾಯಿಸಿ ಕೊನೆಗೆ ಎದುರು ಬಂದು ನಿಂತದ್ದು ಬರೀ ತೋಳ. ಎರಡು ಕಾಲಲ್ಲಿ ನಡೆಯಲ್ಲ. ಹುಣ್ಣಿಮೆ ರಾತ್ರಿ ಮನುಷ್ಯನಿಂದ ತೋಳ ಆದದ್ದೂ ಅಲ್ಲ. ನಾಲ್ಕು ಕಾಲು, ಒಂದು ಬಾಲ, ಎರಡು ಕಣ್ಣು. ಅಷ್ಟೇ.

‘ವುಲ್ಫೆನ್’ ಬಿಡುಗಡೆಯಾದದ್ದು 1981ರ ಜುಲೈನಲ್ಲಿ. ಆ ವರ್ಷ ಅಮೆರಿಕದ ಪರದೆಯ ಮೇಲೆ ತೋಳಗಳ ಸುಗ್ಗಿ. ಏಪ್ರಿಲ್‌ನಲ್ಲಿ ‘ದಿ ಹೌಲಿಂಗ್’ ಬಂದಿತ್ತು, ಆಗಸ್ಟ್‌ನಲ್ಲಿ ‘ಆನ್ ಅಮೆರಿಕನ್ ವೇರ್‌ವುಲ್ಫ್ ಇನ್ ಲಂಡನ್’ ಬಂತು. ಆ ಎರಡರಲ್ಲೂ ಮನುಷ್ಯ ಕಣ್ಣೆದುರೇ ತೋಳನಾಗುತ್ತಾನೆ. ಮೂಳೆ ಉದ್ದವಾಗುತ್ತೆ, ಚರ್ಮ ಬಿರಿಯುತ್ತೆ, ಕೂದಲು ಬೆಳೆಯುತ್ತೆ. ಲಂಡನ್ ಚಿತ್ರದ ಮೇಕಪ್ಪಿಗೆ ರಿಕ್ ಬೇಕರ್ ಆಸ್ಕರ್ ತಗೊಂಡ. ಜನ ಅದನ್ನೇ ನಿರೀಕ್ಷೆ ಮಾಡಿಕೊಂಡು ಹೋದರೆ ‘ವುಲ್ಫೆನ್’ನಲ್ಲಿ ಅದು ಇಲ್ಲವೇ ಇಲ್ಲ. ಸಿಟ್ಟು ಬರದೆ ಇರುತ್ತಾ?

ಇದರ ನಿರ್ದೇಶಕ ಮೈಕೆಲ್ ವಾಡ್ಲೀ. ಇವನು ದೆವ್ವದ ಸಿನಿಮಾದವನಲ್ಲ. 1970ರಲ್ಲಿ ‘ವುಡ್‌ಸ್ಟಾಕ್’ ಸಾಕ್ಷ್ಯಚಿತ್ರ ಮಾಡಿ, ಅದಕ್ಕೆ ಆಸ್ಕರ್ ಬಂದವನು. ಕ್ಯಾಮೆರಾ ಇಟ್ಟ ಜಾಗವನ್ನು ಸುಮ್ನೆ ನೋಡಿಸುವುದು ಅವನ ಅಭ್ಯಾಸ. ವಿಟ್ಲಿ ಸ್ಟ್ರೀಬರ್ 1978ರಲ್ಲಿ ಬರೆದ ಕಾದಂಬರಿ ಕೈಗೆ ಬಂದಾಗಲೂ ಅವನು ತೋಳಕ್ಕಿಂತ ಜಾಸ್ತಿ ನೋಡಿದ್ದು ಜಾಗವನ್ನೇ. ಆ ಜಾಗದ ಹೆಸರು ಸೌತ್ ಬ್ರಾಂಕ್ಸ್, ನ್ಯೂಯಾರ್ಕಿನ ಬ್ರಾಂಕ್ಸ್ ಭಾಗದ ದಕ್ಷಿಣದ ಕಡೆ.

ಇಲ್ಲಿ ಸ್ವಲ್ಪ ನಿಲ್ಲೋಣ. ನೀವೀಗ ನೋಡಿದ ಆ ಸಾಲು ಸಾಲು ಪಾಳು ಮನೆಗಳು, ಇಟ್ಟಿಗೆ ಗುಡ್ಡೆಗಳು, ಕಿಟಕಿ ಇಲ್ಲದ ಐದಂತಸ್ತಿನ ಕಟ್ಟಡಗಳು ಸೆಟ್ ಅಂದುಕೊಂಡಿರಾ? ಅಲ್ಲ. ಮುರುಕಲು ಚರ್ಚ್ ಒಂದನ್ನು ಮಾತ್ರ ಚಿತ್ರದವರು ಕಟ್ಟಿದರು. ಮಿಕ್ಕದ್ದೆಲ್ಲ ನ್ಯೂಯಾರ್ಕಿನದೇ ಒಂದು ಭಾಗ. 1970ರಲ್ಲಿ ಬ್ರಾಂಕ್ಸ್‌ನಲ್ಲಿ 14 ಲಕ್ಷ 70 ಸಾವಿರ ಜನ ಇದ್ದರು. 1980ರ ಜನಗಣತಿಯಲ್ಲಿ ಅದು 11 ಲಕ್ಷ 70 ಸಾವಿರಕ್ಕೆ ಇಳಿದಿತ್ತು. ಹತ್ತು ವರ್ಷದಲ್ಲಿ ಮೂರು ಲಕ್ಷ ಜನ ಖಾಲಿ! ಯುದ್ಧ ಆಗಿರಲಿಲ್ಲ, ಭೂಕಂಪ ಆಗಿರಲಿಲ್ಲ. ಬ್ಯಾಂಕುಗಳು ಆ ಕೇರಿಗಳಿಗೆ ಸಾಲ ಕೊಡುವುದನ್ನು ನಿಲ್ಲಿಸಿದವು. ಹೆದ್ದಾರಿಯೊಂದು ಮನೆಗಳ ನಡುವೆ ಸೀಳಿಕೊಂಡು ಹೋಯಿತು. ಬಾಡಿಗೆಗಿಂತ ಇನ್ಶೂರೆನ್ಸ್ ಹಣ ಜಾಸ್ತಿ ಅಂತ ಲೆಕ್ಕ ಹಾಕಿದ ಕೆಲವು ಮಾಲೀಕರು ತಮ್ಮ ಕಟ್ಟಡಕ್ಕೆ ತಾವೇ ಬೆಂಕಿ ಇಡಿಸಿದರು. ಅದೇ ಹೊತ್ತಿಗೆ ನಗರಾಡಳಿತ ಖರ್ಚು ಉಳಿಸಲು ಅಗ್ನಿಶಾಮಕ ಠಾಣೆಗಳನ್ನು ಮುಚ್ಚಿತು. ಬೆಂಕಿ ಬಿದ್ದ ಕಡೆಯೇ ನೀರು ತರುವವರಿಲ್ಲ.

1977ರ ಅಕ್ಟೋಬರಿನಲ್ಲಿ ಅಧ್ಯಕ್ಷ ಕಾರ್ಟರ್ ಇಲ್ಲಿನ ಷಾರ್ಲೆಟ್ ಸ್ಟ್ರೀಟಿಗೆ ಬಂದು ನೋಡಿ ಹೋದ. 1980ರಲ್ಲಿ ಚುನಾವಣೆಗೆ ನಿಂತಿದ್ದ ರೇಗನ್ ಬಂದು, ಕಾರ್ಟರ್ ಏನೂ ಮಾಡಿಲ್ಲ ನೋಡಿ ಅಂದ. ವಾಡ್ಲೀ ಕೂಡ ಈ ಕಡೆಗೇ ಬಂದ, ಕ್ಯಾಮೆರಾ ಹೊತ್ತುಕೊಂಡು.

ಈಗ ಕತೆಗೆ ಬನ್ನಿ. ವ್ಯಾನ್ ಡರ್ ವೀರ್ ಅನ್ನುವ ಭಾರಿ ಶ್ರೀಮಂತ. ಇದೇ ಬ್ರಾಂಕ್ಸ್‌ನ ಪಾಳು ಕೆಡವಿ ಹೊಸ ಬಡಾವಣೆ ಕಟ್ಟುವವನು. ರಾತ್ರಿ ಬ್ಯಾಟರಿ ಪಾರ್ಕಿನಲ್ಲಿ ಅವನು, ಹೆಂಡತಿ, ಅಂಗರಕ್ಷಕ ಮೂವರೂ ಹೆಣವಾಗುತ್ತಾರೆ. ಗಾಯದಲ್ಲಿ ಲೋಹದ ಗುರುತೇ ಇಲ್ಲ. ಪೊಲೀಸರು, ಖಾಸಗಿ ಸೆಕ್ಯೂರಿಟಿ ಕಂಪನಿ, ಕಂಪ್ಯೂಟರುಗಳು, ಎಲ್ಲಾ ಸೇರಿ ಭಯೋತ್ಪಾದಕರನ್ನು ಹುಡುಕುತ್ತವೆ. ಆಲ್ಬರ್ಟ್ ಫಿನ್ನಿ ಮಾಡಿರುವ ಪತ್ತೇದಾರ ವಿಲ್ಸನ್‌ಗೆ ಮಾತ್ರ ಬ್ರಾಂಕ್ಸ್‌ನ ಇನ್ನೊಂದು ಹೆಣ ಕಾಣುತ್ತೆ. ಅದು ಯಾರೋ ಗತಿಯಿಲ್ಲದವನದು. ಕೊಂದ ರೀತಿ ಒಂದೇ, ಸಿಕ್ಕ ಕೂದಲೂ ಒಂದೇ. ಹಾಗಾದರೆ ಈ ತೋಳಗಳು ಎಷ್ಟು ದಿನದಿಂದ ತಿನ್ನುತ್ತಿದ್ದವು? ಯಾರೂ ಎಣಿಸಿರಲಿಲ್ಲ. ತಿಂದದ್ದು ಬೀದಿಯಲ್ಲಿ ಮಲಗುವವರನ್ನು, ಕಾಯಿಲೆಯವರನ್ನು. ದೊಡ್ಡ ಮನುಷ್ಯ ಸತ್ತ ಮೇಲೆ ಫೈಲು ತೆರೆಯಿತು. ನನ್ನ ಮಟ್ಟಿಗೆ ಈ ಚಿತ್ರದ ನಿಜವಾದ ಭಯ ಇರುವುದು ಇಲ್ಲೇ.

ನಮ್ಮಲ್ಲಿ ಗಾದೆ ಇದೆಯಲ್ಲ, ‘ತೋಳ ಹಳ್ಳಕ್ಕೆ ಬಿದ್ದರೆ ಆಳಿಗೊಂದು ಕಲ್ಲು’ ಅಂತ. ಸೌತ್ ಬ್ರಾಂಕ್ಸ್‌ನಲ್ಲಿ ಹಳ್ಳಕ್ಕೆ ಬಿದ್ದಿದ್ದು ಜನ. ಬ್ಯಾಂಕಿನದೊಂದು ಕಲ್ಲು, ಮಾಲೀಕನದೊಂದು, ನಗರಾಡಳಿತದ್ದೊಂದು. ತೋಳ ಹಳ್ಳದ ದಂಡೆಯಲ್ಲಿ ಕೂತು ನೋಡುತ್ತಿದೆ. ಕೊಪ್ಪಳದ ಕಡೆ ಕುರಿ ಕಾಯುವವರನ್ನು ಕೇಳಿ. ಹಿಂಡಿನಿಂದ ಹಿಂದೆ ಉಳಿದ ಮರಿಯ ಮೇಲೇ ತೋಳದ ಕಣ್ಣು ಅಂತ ಅವರೂ ಹೇಳುತ್ತಾರೆ. ಅಂದಹಾಗೆ, ಗಂಗಾವತಿ ತಾಲ್ಲೂಕಿನ ಬಂಕಾಪುರದಲ್ಲಿ ತೋಳಗಳಿಗೆಂದೇ ಒಂದು ಧಾಮ ಇದೆ. ಹೋಗಿ ನೋಡಿ. ಎಷ್ಟು ಸಣಕಲು, ಎಷ್ಟು ನಾಚಿಕೆಯ ಪ್ರಾಣಿ ಅಂತ ಆಶ್ಚರ್ಯ ಆಗುತ್ತೆ.

ನಿಮಗೆ ಹೆದರಿಕೆ ಆದ ದೃಶ್ಯ ಯಾವುದು? ಕೈ ಎತ್ತಿದವರಲ್ಲಿ ಜಾಸ್ತಿ ಜನ ಚರ್ಚಿನದ್ದೇ ಅನ್ನುತ್ತಿದ್ದಾರೆ. ನನಗೂ ಅದೇ. ವಿಲ್ಸನ್ ಜೊತೆ ತನಿಖೆಗೆ ಬಂದ ಮನಃಶಾಸ್ತ್ರಜ್ಞೆ ರೆಬೆಕಾಗೆ ಮೇಲಿನಿಂದ ಮಗು ಅತ್ತ ಹಾಗೆ ಕೇಳುತ್ತೆ. ಮೆಟ್ಟಿಲು ಹತ್ತುತ್ತಾಳೆ. ಕೆಳಗಿರುವ ವಿಲ್ಸನ್‌ಗೆ ಕೇಳುವುದು ಊಳು. ಒಂದೇ ಕಟ್ಟಡ, ಇಬ್ಬರಿಗೆ ಎರಡು ಸದ್ದು. ಆಮೇಲೆ ಕ್ಯಾಮೆರಾ ಅವಳನ್ನು ಬಿಟ್ಟು ನೆಲಕ್ಕೆ ಇಳಿಯುತ್ತೆ, ಮೊಣಕಾಲೆತ್ತರಕ್ಕೆ. ಬಣ್ಣಗಳು ತಿರುಗುಮುರುಗು. ನಾವೀಗ ತೋಳದ ಕಣ್ಣೊಳಗೆ ಕೂತಿದ್ದೇವೆ. ಒಡೆದ ಇಟ್ಟಿಗೆಗಳ ಮೇಲೆ ಒಂದು ಕುಲುಕೂ ಇಲ್ಲದೆ ಜಾರಿಕೊಂಡು ಹೋಗುತ್ತೇವೆ. ನಡೆದರೂ ಕ್ಯಾಮೆರಾ ಕುಲುಕದಂತೆ ಹಿಡಿದಿಡುವ ಸಾಧನ ಸ್ಟೆಡಿಕ್ಯಾಮ್ ಕಂಡುಹಿಡಿದ ಗ್ಯಾರೆಟ್ ಬ್ರೌನ್ ಅವರೇ ಈ ಚಿತ್ರಕ್ಕೂ ಅದನ್ನು ಹಿಡಿದವರು. ಮನುಷ್ಯ ನಡೆದರೆ ಚಿತ್ರ ಕುಲುಕಬೇಕು. ಕುಲುಕದೆ ಇರುವುದರಿಂದಲೇ ಇದು ಮನುಷ್ಯ ಅಲ್ಲ ಅಂತ ನಮ್ಮ ಮೈಗೆ ಗೊತ್ತಾಗಿಬಿಡುತ್ತೆ. ಆರು ವರ್ಷ ಆದ ಮೇಲೆ ‘ಪ್ರಿಡೇಟರ್’ನಲ್ಲಿ ಬೇಟೆಗಾರನ ಬಣ್ಣದ ಕಣ್ಣನ್ನು ನೋಡಿ ಎಲ್ಲರೂ ಹೊಗಳಿದರು. ದಾರಿ ಮಾಡಿದ್ದು ಇದು. ಜೊತೆಗೆ ಸಂಗೀತ, ಮುಂದೆ ‘ಟೈಟಾನಿಕ್’ಗೆ ಮಾಡಿದ ಜೇಮ್ಸ್ ಹಾರ್ನರ್ ಅವರದು.

ತಕರಾರು ಇಲ್ಲದೆ ಇಲ್ಲ. ಮೂಲನಿವಾಸಿಗಳ ಪಾತ್ರಗಳಿವೆಯಲ್ಲ, ಅವರನ್ನು ಚಿತ್ರ ಕತೆ ಬಿಡಿಸಿ ಹೇಳಲಿಕ್ಕೇ ಜಾಸ್ತಿ ಬಳಸಿಕೊಂಡಿದೆ. ಬಾರಿನಲ್ಲಿ ಕೂತ ಮುದುಕ ಎಲ್ಲವನ್ನೂ ಪಾಠ ಒಪ್ಪಿಸಿದ ಹಾಗೆ ಹೇಳಿಬಿಡುತ್ತಾನೆ. ನನಗೆ ಅದು ಸೋಮಾರಿತನ ಅನ್ನಿಸುತ್ತೆ. ಆದರೆ ಸೇತುವೆ ದೃಶ್ಯ ನಿಜದಿಂದ ಬಂದದ್ದು. ಮ್ಯಾನ್‌ಹಟನ್ ಸೇತುವೆಯ ತುದಿಯಲ್ಲಿ ಮೂಲನಿವಾಸಿ ಕೆಲಸಗಾರನ ಪಾತ್ರ ಮಾಡಿದ ಎಡ್ವರ್ಡ್ ಜೇಮ್ಸ್ ಓಲ್ಮೋಸ್ ನಿಂತಿರುವ ಧೈರ್ಯ ನೋಡಿದಿರಲ್ಲ. ಕೆನಡಾದ ಕಾನಾವಾಕೆಯ ಮೊಹಾಕ್ ಅನ್ನುವ ಮೂಲನಿವಾಸಿ ಜನ 1886ರಿಂದಲೇ ಉಕ್ಕಿನ ಸೇತುವೆ ಕೆಲಸಕ್ಕೆ ಇಳಿದವರು. 1907ರಲ್ಲಿ ಕ್ವಿಬೆಕ್ ಸೇತುವೆ ಕುಸಿದು 75 ಜನ ಸತ್ತಾಗ ಅದರಲ್ಲಿ 33 ಜನ ಆ ಒಂದೇ ಊರಿನವರು. ಆಮೇಲೂ ಅವರು ಕೆಲಸ ಬಿಡಲಿಲ್ಲ, ನ್ಯೂಯಾರ್ಕಿನ ಎತ್ತರದ ಕಟ್ಟಡಗಳಿಗೆ ಉಕ್ಕು ಜೋಡಿಸಿದರು. ನೆಲ ಕಳೆದುಕೊಂಡ ಮೂಲನಿವಾಸಿಗಳೇ ಈ ನಗರದ ಗೋಪುರ ಕಟ್ಟಲು ನಿಂತವರು. ಆ ಮುದುಕನ ಅಷ್ಟುದ್ದದ ಮಾತು ಬೇಕಿರಲಿಲ್ಲ. ಇದೊಂದು ವಿಷಯ ಸಾಕಿತ್ತು, ಅಲ್ವಾ?

ಕೊನೆಯಲ್ಲಿ ವಿಲ್ಸನ್ ಬಂದೂಕು ಬಿಟ್ಟು, ಮೇಜಿನ ಮೇಲಿದ್ದ ಹೊಸ ಬಡಾವಣೆಯ ಮಾದರಿಯನ್ನು ಒಡೆದುಹಾಕುತ್ತಾನೆ. ತೋಳಗಳು ನೋಡಿ ಹೊರಟುಹೋಗುತ್ತವೆ. ಒಂದು ಆಟಿಕೆಯಂಥ ಊರು ಒಡೆದರೆ ಯೋಜನೆ ನಿಲ್ಲುತ್ತಾ ಅಂತ ಕೇಳಬೇಡಿ. ನಿಲ್ಲಲಿಲ್ಲ. ನಿಜವಾದ ಷಾರ್ಲೆಟ್ ಸ್ಟ್ರೀಟಿನಲ್ಲಿ 1983ರಿಂದ ಸುಮಾರು 90 ಒಂಟಿ ಮನೆಗಳು ಎದ್ದವು. ಮುಂದೆ ಹುಲ್ಲು, ಸುತ್ತ ಬೇಲಿ. ಆ ಬೇಲಿಯೊಳಗೆ ನಿಂತರೆ ಇದೇ ಆ ಸಿನಿಮಾದ ಜಾಗ ಅಂದರೆ ನಂಬಲಿಕ್ಕಾಗಲ್ಲ.

ಇನ್ನೊಂದು ವಿಷಯ ಹೇಳಿಬಿಡುತ್ತೇನೆ, ಆಮೇಲೆ ಕಾಫಿ. 1995ರಲ್ಲಿ ಬ್ರಾಂಕ್ಸ್‌ಗೆ ನಿಜವಾಗಿಯೂ ತೋಳದ ನಂಟರು ಬಂದರು, ಕಯೋಟಿಗಳು. ತೋಳಕ್ಕಿಂತ ಚಿಕ್ಕವು, ನಮ್ಮ ನರಿಗಿಂತ ದೊಡ್ಡವು. ಒಂದು ಹೆದ್ದಾರಿಯಲ್ಲಿ ಕಾರಿಗೆ ಸಿಕ್ಕಿ ಸತ್ತಿತ್ತು. ಅದರ ನೆನಪಿಗೆ ಅಲ್ಲಿನ ವ್ಯಾನ್ ಕೋರ್ಟ್‌ಲ್ಯಾಂಡ್ ಪಾರ್ಕಿನಲ್ಲಿ ಬಂಡೆಯ ಮೇಲೆ ಕಯೋಟಿಯ ಪ್ರತಿಮೆ ನಿಲ್ಲಿಸಿದ್ದಾರೆ. ಹಿಂದಿನ ಸಾಲಿನವರು ಯಾವತ್ತಾದರೂ ಆ ಕಡೆ ಹೋದರೆ ನೋಡಿ ಬನ್ನಿ. ‘ಇಷ್ಟೇನಾ’ ಅನ್ನಬೇಡಿ ಮತ್ತೆ.